ಮುಲುಂಡಿನ ಮನೆಯಲ್ಲಿ ಬಟಾಣಿ ಪಫರ್

ಬಟಾಣಿ ಪಫರ್ ಅನ್ನುವ ಪುಟ್ಟ ಮೀನು ಪೂರ್ತಿ ಬೆಳೆದರೂ ಎರಡೂವರೆ ಸೆಂಟಿಮೀಟರ್. ಹೆಚ್ಚೆಂದರೆ ಮೂರೂವರೆ. ಹಳದಿ ಮಿಶ್ರಿತ ಹಸಿರು ಮೈ, ಬೆನ್ನ ಮೇಲೆ ದಪ್ಪ ಕಪ್ಪು ಚುಕ್ಕಿಗಳು, ಬಿಳಿ ಹೊಟ್ಟೆ. ಎರಡು ಕಣ್ಣುಗಳು ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಒಂದು ಕಣ್ಣು ಗಾಜಿನ ಈಚೆ ಕೂತ ನಮ್ಮನ್ನು ನೋಡುತ್ತಿದ್ದರೆ, ಇನ್ನೊಂದು ಎಲೆಯ ಹಿಂದಿನ ಹುಳದ ಮೇಲೆ ಇರುತ್ತದೆ. ಅಂಗಡಿಗಳಲ್ಲಿ ಇದನ್ನು ಪೀ ಪಫರ್ ಅಂತಾರೆ. ತುಂಬ ಜನ ಇದು ಥಾಯ್ಲೆಂಡಿನಿಂದಲೋ ಸಿಂಗಾಪುರದಿಂದಲೋ ಬಂದಿದ್ದು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಇದು ನಮ್ಮ ಪಶ್ಚಿಮಘಟ್ಟದ ಮೀನು. 1941ರಲ್ಲಿ ಮೀನು ವಿಜ್ಞಾನಿಗಳಾದ ಸುಂದರ್ ಲಾಲ್ ಹೋರಾ ಮತ್ತು ಕೆ. ಕೆ. ನಾಯರ್ ಕೇರಳದ ಪಂಪಾ ನದಿಯ ಮೀನುಗಳನ್ನು ನೋಡಿ ಇದನ್ನು ಮೊದಲು ವಿವರಿಸಿದರು. ಆಗಿನ ತಿರುವಾಂಕೂರಿನ ಹೆಸರೇ ಇದರ ವೈಜ್ಞಾನಿಕ ಹೆಸರಿನಲ್ಲಿ ಉಳಿದಿದೆ: ಕ್ಯಾರಿನೊಟೆಟ್ರಾಡಾನ್ ಟ್ರಾವಂಕೋರಿಕಸ್.

ಪಫರ್ ಜಾತಿಯ ಹೆಚ್ಚಿನ ಮೀನುಗಳು ಸಮುದ್ರದಲ್ಲಿ ಇಲ್ಲವೇ ಅಳಿವೆಯ ಉಪ್ಪು ನೀರಿನಲ್ಲಿ ಬದುಕುತ್ತವೆ. ಇದು ಹಾಗಲ್ಲ, ಹುಟ್ಟಿನಿಂದ ಕೊನೆಯವರೆಗೆ ಸಿಹಿನೀರಿನಲ್ಲೇ ಇರುತ್ತದೆ. ಹಾಗಾಗಿ ಮನೆಯ ಅಕ್ವೇರಿಯಂನಲ್ಲಿ ಸಾಕಬಹುದು. ಬೆಚ್ಚಗಿನ ನೀರು ಇದಕ್ಕೆ ಒಗ್ಗುತ್ತದೆ. 24ರಿಂದ 28 ಡಿಗ್ರಿ ಇದ್ದರೆ ಆರಾಮ. ಮುಂಬಯಿಯಲ್ಲಿ ವರ್ಷದ ಹೆಚ್ಚಿನ ದಿನ ಹೀಟರ್ ಬೇಕಿಲ್ಲ, ಚಿಲ್ಲರ್ ಬೇಕಿಲ್ಲ. ಮೆಕ್ಸಿಕೋದ ಆಕ್ಸೊಲಾಟಲ್ ಅನ್ನುವ ನೀರಿನ ಸಲಮಾಂಡರ್ ಸಾಕುವ ಆಸೆ ನನಗೂ ಇತ್ತು. ಅದಕ್ಕೆ 16ರಿಂದ 18 ಡಿಗ್ರಿಯ ತಣ್ಣನೆ ನೀರು ಬೇಕು. ಈ ಊರಿನ ಸೆಕೆಯಲ್ಲಿ ಅದನ್ನು ಮೆಷಿನ್ ಇಟ್ಟು ಬದುಕಿಸುವುದು ನನಗೆ ಸರಿ ಕಾಣಲಿಲ್ಲ. ನಮ್ಮ ಹವೆಗೆ ಹೊಂದುವ, ನಮ್ಮದೇ ಘಟ್ಟದ ಜೀವ ಇರುವಾಗ ಅಷ್ಟು ದೂರ ಯಾಕೆ ಹೋಗಬೇಕು, ಅಲ್ವಾ?

ನಾವಿರುವುದು ಮುಲುಂಡಿನಲ್ಲಿ. ಎರಡು ಕೋಣೆಯ ಫ್ಲಾಟು. ನಾನು, ಯಜಮಾನರು, ಮಗಳು, ಮತ್ತೆ ಕುಂದಾಪುರದಿಂದ ಬಂದು ನಮ್ಮ ಜೊತೆಗೇ ಇರುವ ಅಮ್ಮ. ಅಮ್ಮ ಹುಟ್ಟಿ ಬೆಳೆದದ್ದು ಕಡಲ ಬದಿಯಲ್ಲಿ. ಫೋಟೋ ತೋರಿಸಿದ ತಕ್ಷಣ ಗುರುತು ಹಿಡಿದರು. "ಇದ್ ವಿಷದ್ ಮೀನ್ ಅಲ್ದಾ ಮಗಾ? ಬಲಿಗ್ ಬಂದ್ರೆ ಬಿಸಾಡ್ತಿದ್ರ್" ಅಂದರು. ಅವರು ಹೇಳಿದ್ದು ಕಡಲಿನ ಪಫರ್ ವಿಷಯ. ಅದರಲ್ಲಿ ಟೆಟ್ರೊಡೊಟಾಕ್ಸಿನ್ ಅನ್ನುವ ಕಡು ವಿಷ ಇರುತ್ತದೆ, ತಿಂದರೆ ಜೀವಕ್ಕೆ ಅಪಾಯ. ಸಾಕುವುದರಿಂದ ಏನೂ ಆಗುವುದಿಲ್ಲ ಅಂತ ಅಮ್ಮನಿಗೆ ತಿಳಿಸಿ ಹೇಳಿದೆ. ತೊಟ್ಟಿಗೆ ಕೈ ಹಾಕಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದು ಮಾತ್ರ ಮಗಳಿಗೂ ನನಗೂ ಕಡ್ಡಾಯ.

ಸೊಸೈಟಿಯ ಇನ್ನೊಂದು ವಿಂಗಿನಲ್ಲಿ ಧಾರವಾಡ ಕಡೆಯ ಕಾಕಾ ಒಬ್ಬರಿದ್ದಾರೆ. ರೈಲ್ವೆಯಲ್ಲಿದ್ದು ನಿವೃತ್ತರಾದವರು. ಗಪ್ಪಿ, ಏಂಜಲ್, ಕೆಂಪು ಸಿಗಡಿ ಹೀಗೆ ಏನೇನೋ ಸಾಕಿ ಅವರ ಹಜಾರದ ಒಂದು ಗೋಡೆಯೇ ಗಾಜಿನ ತೊಟ್ಟಿಗಳಿಂದ ತುಂಬಿದೆ. ಪಫರ್ ಸಾಕಬೇಕು ಅಂತ ಹೇಳಿದಾಗ ಅವರು ತೊಟ್ಟಿಯ ಅಳತೆ ಕೇಳಲಿಲ್ಲ. "ನೋಡವ್ವಾ, ಮೀನ ತರೋದು ಒಂದ ತಾಸಿನ ಕೆಲಸ. ಮೊದಲ ಅದರ ಊಟ ಬೆಳಸು. ಬಸವನಹುಳ ಮನ್ಯಾಗ ತುಂಬಿದ ಮ್ಯಾಲ ಮೀನಿನ ಮಾತು" ಅಂದರು. ಈ ಮೀನಿನ ವಿಷಯದಲ್ಲಿ ನನಗೆ ಯಾರೂ ಇದಕ್ಕಿಂತ ಒಳ್ಳೆ ಮಾತು ಹೇಳಿಲ್ಲ.

ಕಾರಣ ಇದೆ. ಬಟಾಣಿ ಪಫರ್ ಅಂಗಡಿಯ ಒಣ ಆಹಾರ ತಿನ್ನುವುದಿಲ್ಲ. ಉಳಿದ ಮೀನುಗಳಿಗೆ ಉದುರಿಸುವ ಕಾಳು, ಹಪ್ಪಳದ ಚೂರಿನಂಥ ಫ್ಲೇಕ್ ಇದರ ಮುಂದೆ ಬಿದ್ದರೆ ಒಂದು ಕಣ್ಣು ತಿರುಗಿಸಿ ನೋಡಿ ಸುಮ್ನೆ ಇರುತ್ತದೆ. ಅದಕ್ಕೆ ಅಲುಗಾಡುವ ಜೀವವೇ ಬೇಕು. ಬಸವನಹುಳ, ನೀರಿನ ಚಿಗಟ, ಹುಳ. ಜೊತೆಗೆ ಅದರ ಬಾಯಲ್ಲಿರುವುದು ಕೊಕ್ಕಿನಂತೆ ಕೂಡಿಕೊಂಡ ನಾಲ್ಕು ಹಲ್ಲು. ಪಫರ್‌ಗಳ ಹಲ್ಲು ಬೆಳೆಯುತ್ತಲೇ ಇರುತ್ತದೆ. ಚಿಪ್ಪು ಕಡಿಯುತ್ತಿದ್ದರೆ ಸವೆಯುತ್ತದೆ. ಹಾಗಾಗಿ ಬಸವನಹುಳ ಅದಕ್ಕೆ ಊಟವೂ ಹೌದು, ಹಲ್ಲಿನ ಆರೈಕೆಯೂ ಹೌದು.

ಮೊದಲು ಮನೆಗೆ ಬಂದದ್ದು ಬಸವನಹುಳಗಳೇ. ಕಾಕಾ ತಮ್ಮ ತೊಟ್ಟಿಯಿಂದ ಎರಡು ಜಾತಿ ಕೊಟ್ಟರು. ಒಂದು ಬ್ಲ್ಯಾಡರ್ ಸ್ನೇಲ್. ಕಂದು ಬಣ್ಣದ್ದು, ತೆಳು ಚಿಪ್ಪು, ತುಂಬ ಚಿಕ್ಕದು. ಇನ್ನೊಂದು ರ‍್ಯಾಮ್ಸ್‌ಹಾರ್ನ್. ಚಪ್ಪಟೆಯಾಗಿ ಸುರುಳಿ ಸುತ್ತಿದ ಚಿಪ್ಪು, ಕೆಂಪಗೆ ಚಂದ ಇರುತ್ತದೆ. ಎರಡರಲ್ಲೂ ಗಂಡು ಹೆಣ್ಣು ಬೇರೆ ಬೇರೆ ಇಲ್ಲ. ಪ್ರತಿಯೊಂದೂ ಮೊಟ್ಟೆ ಇಡುತ್ತದೆ. ತೊಟ್ಟಿಯ ಗೋಡೆಗೆ ಲೋಳೆಯ ಚಿಕ್ಕ ಮುದ್ದೆ ಅಂಟಿಸಿ ಹೋಗುತ್ತವೆ. ಮುಂಬಯಿಯ ಬೆಚ್ಚಗಿನ ನೀರಿನಲ್ಲಿ ವಾರ ಹತ್ತು ದಿನಕ್ಕೆ ಅದರೊಳಗಿಂದ ಸಾಸಿವೆಗಿಂತ ಚಿಕ್ಕ ಮರಿಗಳು ಹೊರಡುತ್ತವೆ. ಟ್ರಂಪೆಟ್ ಸ್ನೇಲ್ ಅಂತ ಇನ್ನೊಂದು ಉದ್ದ ಮೊನೆಯದ್ದು ಸಿಗುತ್ತದೆ. ಅದರ ಚಿಪ್ಪು ಗಟ್ಟಿ. ಪಫರ್ ಊಟಕ್ಕೆ ನಾನು ಅದನ್ನು ಕೊಡುವುದಿಲ್ಲ.

ಬಸವನಹುಳಕ್ಕೆ ಬೇಯಿಸಿದ ಪಾಲಕ್, ಸೌತೆಕಾಯಿ ಹೋಳು, ಹೀರೆಕಾಯಿ ಸಿಪ್ಪೆ ಹಾಕುತ್ತೇನೆ. ಅಡುಗೆಮನೆಯಲ್ಲಿ ಉಳಿದಿದ್ದು ಸಾಕು. ಆದರೆ ಚಿಪ್ಪು ಬೆಳೆಯಲು ಸುಣ್ಣದ ಅಂಶ ಬೇಕು. ನಮ್ಮ ನಲ್ಲಿಗೆ ಬರುವುದು ಭಾತ್ಸಾ, ವೈತರಣಾ, ತಾನ್ಸಾ ಜಲಾಶಯಗಳ ನೀರು. ಮಳೆನೀರು ತುಂಬಿ ನಿಂತದ್ದು, ಮೆದು. ಬರೀ ಈ ನೀರಿನಲ್ಲಿ ಬೆಳೆದ ಹುಳಗಳ ಚಿಪ್ಪಿನ ತುದಿ ಬಿಳಿಚಿಕೊಂಡು ಸವೆಯುತ್ತದೆ. ಇದಕ್ಕೆ ದಾರಿ ತೋರಿಸಿದ್ದು ಅಮ್ಮ. ಮೀನು ಮಾರ್ಕೆಟ್ಟಿನಿಂದ ಕಪ್ಪೆ ಬೊಂಡಾಸ್ (ಕಟ್ಲ್‌ಫಿಶ್) ತಂದಾಗ ಅದರೊಳಗಿನ ಬಿಳಿ ಎಲುಬು ಬಿಸಾಡದೆ ತೊಳೆದು, ಬಿಸಿಲಿಗೆ ಒಣಗಿಸಿ ಇಟ್ಟುಕೊಂಡರು. ಒಂದು ತುಂಡು ತೊಟ್ಟಿಗೆ ಹಾಕಿದರೆ ಹುಳಗಳು ಅದರ ಮೇಲೆ ಹತ್ತಿ ಕೂರುತ್ತವೆ. ಹೊಸದಾಗಿ ಬೆಳೆದ ಚಿಪ್ಪಿನ ಅಂಚು ನುಣುಪಾಗಿ, ಗಟ್ಟಿಯಾಗಿ ಬಂತು. ಮೊಟ್ಟೆ ಚಿಪ್ಪಿನ ಪುಡಿಯೂ ಆಗುತ್ತದೆ.

ಹುಳದ ತೊಟ್ಟಿ ತುಂಬುತ್ತಿರುವಾಗಲೇ ಮೀನಿನ ತೊಟ್ಟಿ ಸಿದ್ಧ ಮಾಡಿದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಲೆಕ್ಕಕ್ಕೆ 56 ಲೀಟರ್. ಮರಳು, ಕಲ್ಲು, ಮೇಲಿನ ಜಾಗ ಬಿಟ್ಟರೆ ನೀರು 45 ಲೀಟರ್ ಆಸುಪಾಸು. ತುಂಬಿದ ಮೇಲೆ ಭಾರ ಜಾಸ್ತಿ. ಟಿವಿ ಸ್ಟ್ಯಾಂಡಿನ ಮೇಲೆ ಇಡುವ ಮಾತಿಲ್ಲ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಬಿಸಿಲು ನೇರ ಬೀಳದ ಗೋಡೆಗೆ ಇಟ್ಟೆವು. ಪಂಪಿಗೆ ಜೋಡಿಸಿದ ಸ್ಪಂಜ್ ಫಿಲ್ಟರ್ ಹಾಕಿದೆ. ಪಫರ್‌ಗೆ ರಭಸದ ನೀರು ಆಗುವುದಿಲ್ಲ. ಅದರ ರೆಕ್ಕೆಗಳು ಪುಟ್ಟವು, ನಿಧಾನ ಈಜುತ್ತದೆ. ಸ್ಪಂಜ್ ಫಿಲ್ಟರಿನ ಮೆಲ್ಲನೆ ಗುಳ್ಳೆ ಸರಿಹೋಗುತ್ತದೆ.

ಗಿಡಗಳಿಗೆ ಜಿಪುಣತನ ಮಾಡಲಿಲ್ಲ. ಜಾವಾ ಮಾಸ್, ಜಾವಾ ಫರ್ನ್, ಅನುಬಿಯಸ್, ಹಾರ್ನ್‌ವರ್ಟ್. ಯಾವುದಕ್ಕೂ ವಿಶೇಷ ಲೈಟು ಬೇಡ. ಒಂದು ತುದಿಯಿಂದ ನೋಡಿದರೆ ಇನ್ನೊಂದು ತುದಿ ಕಾಣಬಾರದು, ಅಷ್ಟು ದಟ್ಟ ಇರಬೇಕು. ಇದು ಚಂದಕ್ಕೆ ಮಾಡಿದ್ದಲ್ಲ. ಇವು ಜಗಳಗಂಟ ಮೀನುಗಳು. ಒಂದರ ಕಣ್ಣಿಗೆ ಇನ್ನೊಂದು ಸದಾ ಬೀಳುತ್ತಿದ್ದರೆ ಅಟ್ಟಿಸಿಕೊಂಡು ಹೋಗುತ್ತವೆ. ಸೊಸೈಟಿ ಕಾಂಪೌಂಡಿನ ಬಾದಾಮಿ ಮರ ಚಳಿಗಾಲದಲ್ಲಿ ಕೆಂಪು ಎಲೆ ಉದುರಿಸುತ್ತದೆ. ಔಷಧಿ ಸಿಂಪಡಿಸದ ಮರ ಅಂತ ಖಾತ್ರಿ ಮಾಡಿಕೊಂಡು, ಒಣ ಎಲೆ ಆರಿಸಿ, ತೊಳೆದು ತೊಟ್ಟಿಗೆ ಹಾಕಿದೆ. ನೀರು ಚಹಾದ ತೆಳು ಬಣ್ಣಕ್ಕೆ ಬರುತ್ತದೆ. ಎಲೆಯ ಅಡಿಯಲ್ಲಿ ಅಡಗಲು ಜಾಗ. ಎಲೆ ಕೊಳೆತಾಗ ಬಸವನಹುಳಕ್ಕೂ ಊಟ.

ಇನ್ನು ನೀರು ಪಳಗುವುದು. ಹೊಸಬರು ಇಲ್ಲೇ ಅವಸರ ಮಾಡುತ್ತಾರೆ. ಮೀನಿನ ಹೇಲು, ಉಳಿದ ಊಟ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಸ್ಪಂಜಿನಲ್ಲಿ, ಮರಳಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ತೊಂದರೆ ಕೊಡುವುದಿಲ್ಲ. ಸ್ವಲ್ಪ ಗಿಡ ಹೀರಿಕೊಳ್ಳುತ್ತದೆ, ಉಳಿದದ್ದು ನೀರು ಬದಲಿಸಿದಾಗ ಹೋಗುತ್ತದೆ. ಈ ಎರಡೂ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಕಾಕಾ ತಮ್ಮ ಹಳೆ ಫಿಲ್ಟರಿನ ಸ್ಪಂಜನ್ನು ನನ್ನ ತೊಟ್ಟಿಯ ನೀರಿನಲ್ಲಿ ಹಿಂಡಿಕೊಟ್ಟರು. ಕಂದು ಕೊಳೆ ನೀರೆಲ್ಲ ಹರಡಿತು. ಮಗಳು ಮುಖ ಸಿಂಡರಿಸಿದಳು. ಆ ಕೊಳೆಯಲ್ಲೇ ಬೇಕಾದ ಬ್ಯಾಕ್ಟೀರಿಯಾ ಇರುವುದು. ಅದರಿಂದ ಕೆಲಸ ಬೇಗ ಆಯಿತು.

ಅಮೋನಿಯಾ ಅಳೆಯುವ ಹನಿಯ ಕಿಟ್ ಒಂದನ್ನು ಕೊಳ್ಳಲೇಬೇಕು. ಚಿಕ್ಕ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು, ಹನಿ ಹಾಕಿ, ಬಣ್ಣ ನೋಡುವುದು. ನನ್ನ ಕಿಟ್‌ನಲ್ಲಿ ಹಳದಿ ಬಂದರೆ ಅಮೋನಿಯಾ ಇಲ್ಲ, ಹಸಿರಾದರೆ ಇದೆ. ಆ ಬಣ್ಣ ದಿನಾ ನೋಡುವ ಕೆಲಸ ಮಗಳು ವಹಿಸಿಕೊಂಡಳು. ಹಸಿರು ಮೆಲ್ಲಗೆ ಹಳದಿಗೆ ತಿರುಗಿ, ನೈಟ್ರೈಟ್ ಕೂಡ ಸೊನ್ನೆಗೆ ಬಂದು ನಿಂತ ಮೇಲೆಯೇ ಮೀನಿನ ಮಾತು ತೆಗೆದದ್ದು. ಮುಂಬಯಿಯವರು ಇನ್ನೊಂದು ಗಮನಿಸಬೇಕು. ನೀರು ಬಿಸಿಯಾದಷ್ಟೂ, ಕ್ಷಾರ ಜಾಸ್ತಿಯಾದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಸ್ವಲ್ಪ ಇದ್ದರೆ ಪರವಾಗಿಲ್ಲ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಮೀನಿಗೆ ಕುರ್ಲಾಕ್ಕೆ ಹೋದೆವು. ಭಾನುವಾರ ಬೆಳಗ್ಗೆ ಅಲ್ಲಿ ಅಲಂಕಾರದ ಮೀನುಗಳ ಸಂತೆ ನಡೆಯುತ್ತದೆ. ಪ್ಲಾಸ್ಟಿಕ್ ಚೀಲಗಳಲ್ಲಿ ಗಾಳಿ ತುಂಬಿ ಕಟ್ಟಿದ ಮೀನು, ಕಟ್ಟುಕಟ್ಟು ಗಿಡ, ತಟ್ಟೆಯಲ್ಲಿ ಕೆಂಪಗೆ ಹೊರಳಾಡುವ ಟ್ಯೂಬಿಫೆಕ್ಸ್ ಹುಳ. ಅಲ್ಲೊಬ್ಬ ಮಾರುವವ ಇದು ಎಲ್ಲ ಫುಡ್ ತಿನ್ನುತ್ತದೆ, ಗೋಲ್ಡ್‌ಫಿಶ್ ಜೊತೆ ಬಿಡಿ ಅಂದ. ಹಾಗೆ ಬಿಟ್ಟರೆ ಗೋಲ್ಡ್‌ಫಿಶ್‌ನ ಬಾಲ, ರೆಕ್ಕೆ ಉಳಿಯುವುದಿಲ್ಲ. ಉದ್ದ ರೆಕ್ಕೆಯ ಯಾವ ಮೀನಿನ ಜೊತೆಗೂ ಪಫರ್ ಬೇಡ. ನನ್ನ ಪ್ರಕಾರ ಯಾವ ಮೀನಿನ ಜೊತೆಗೂ ಬೇಡ. ತೊಟ್ಟಿ ಪೂರ್ತಿ ಅವುಗಳದ್ದೇ ಆಗಿರಲಿ.

ಆರಿಸುವಾಗ ಹೊಟ್ಟೆ ನೋಡಬೇಕು. ಮೇಲಿನಿಂದ ನೋಡಿದರೆ ತಲೆಗಿಂತ ಹೊಟ್ಟೆ ಒಳಗೆ ಹೋಗಿದ್ದರೆ ಅದು ಬಹಳ ದಿನ ಉಪವಾಸ ಬಿದ್ದದ್ದು, ಇಲ್ಲವೇ ಕರುಳಲ್ಲಿ ಹುಳ ಇರುವಂಥದ್ದು. ಗುಂಡಗಿನ ಹೊಟ್ಟೆ, ಚುರುಕಾಗಿ ತಿರುಗುವ ಕಣ್ಣು, ನಾವು ಹತ್ತಿರ ಹೋದಾಗ ಮುಂದೆ ಬಂದು ನೋಡುವ ಸ್ವಭಾವ, ಇವು ಒಳ್ಳೆಯ ಲಕ್ಷಣ. ಐದು ಮೀನು ತಂದೆವು. ಮರಿಗಳಲ್ಲಿ ಗಂಡು ಹೆಣ್ಣು ಗೊತ್ತಾಗುವುದಿಲ್ಲ. ಬೆಳೆದ ಮೇಲೆ ಗಂಡಿನ ಹೊಟ್ಟೆಯ ಅಡಿ ಉದ್ದಕ್ಕೆ ಒಂದು ಕಪ್ಪು ಗೆರೆ ಬರುತ್ತದೆ, ಕಣ್ಣಿನ ಹಿಂದೆ ಸುಕ್ಕಿನಂಥ ಗೆರೆಗಳು ಕಾಣುತ್ತವೆ. ಹೆಣ್ಣು ಗುಂಡಗೆ ಇರುತ್ತದೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇದ್ದರೆ ತೊಟ್ಟಿಯಲ್ಲಿ ಶಾಂತಿ. ನಮ್ಮಲ್ಲಿ ಎರಡು ಗಂಡು ಬೆಳೆದವು. ಒಂದನ್ನು ಕಾಕಾ ತಮ್ಮ ಖಾಲಿ ತೊಟ್ಟಿಗೆ ಕರೆದುಕೊಂಡು ಹೋದರು.

ಪಫರ್ ಸಾಗಿಸುವಾಗ ಬಲೆಯಲ್ಲಿ ಎತ್ತಬಾರದು. ಹೆದರಿದರೆ ಅದು ಹೊಟ್ಟೆ ತುಂಬ ನೀರು ಕುಡಿದು ಚೆಂಡಿನಂತೆ ಉಬ್ಬುತ್ತದೆ. ನೀರಿನ ಹೊರಗೆ ಉಬ್ಬಿದರೆ ಗಾಳಿ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಜೀವಕ್ಕೇ ಕುತ್ತು. ಹಾಗಾಗಿ ಲೋಟವನ್ನು ನೀರೊಳಗೆ ಮುಳುಗಿಸಿ, ಮೀನು ನೀರಿನ ಜೊತೆಗೇ ಲೋಟಕ್ಕೆ ಬರುವಂತೆ ಮಾಡಬೇಕು. ಉಬ್ಬುವುದನ್ನು ನೋಡಬೇಕು ಅಂತ ಮಕ್ಕಳು ಹಟ ಮಾಡುತ್ತಾರೆ. ದಯವಿಟ್ಟು ಬೇಡ. ಅದು ಅದರ ಆಟವಲ್ಲ, ಪ್ರಾಣಭಯ.

ಮನೆಗೆ ತಂದವುಗಳನ್ನು ಮೊದಲು ಬೇರೆ ಚಿಕ್ಕ ತೊಟ್ಟಿಯಲ್ಲಿಟ್ಟೆ. ಅಂಗಡಿಗೆ ಬರುವ ಪಫರ್‌ಗಳಲ್ಲಿ ಹೆಚ್ಚಿನವು ನದಿಯಿಂದ ಹಿಡಿದವೇ. ಹಾಗಾಗಿ ಕರುಳಿನ ಹುಳ ಮಾಮೂಲು. ಒಂದು ಮೀನು ಚೆನ್ನಾಗಿ ತಿನ್ನುತ್ತಿತ್ತು, ಆದರೂ ಮೈ ಹಿಡಿಯುತ್ತಿರಲಿಲ್ಲ. ಅದರ ಹೇಲು ಬಿಳಿ ದಾರದಂತೆ ಉದ್ದಕ್ಕೆ ಜೋತಾಡುತ್ತಿತ್ತು. ಇದೇ ಗುರುತು. ಪ್ರಾಣಿವೈದ್ಯರನ್ನು ಕೇಳಿ ಲೆವಮಿಸೋಲ್ ಹಾಕಿದೆವು. ಇದು ಬೆಳಕಿಗೆ ಕೆಡುವ ಔಷಧಿ. ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿ ಒಂದು ದಿನ ಇಟ್ಟು, ಆಮೇಲೆ ತಳ ಚೆನ್ನಾಗಿ ಗುಡಿಸಿ ನೀರು ಬದಲಿಸಬೇಕು. ಸತ್ತು ಬಿದ್ದ ಹುಳ ತಳದಲ್ಲಿ ಉಳಿಯಬಾರದು. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಹಾಕಬೇಕು, ಯಾಕಂದರೆ ಮೊಟ್ಟೆಯಿಂದ ಬಂದ ಹೊಸ ಹುಳಗಳು ಆಗ ಸಾಯುತ್ತವೆ. ಡೋಸನ್ನು ಅಂದಾಜಿಗೆ ಹಾಕಬೇಡಿ. ಪಫರ್‌ಗೆ ಉಳಿದ ಮೀನುಗಳಂತೆ ಹುರುಪೆ ಇಲ್ಲ, ಬರೀ ಚರ್ಮ. ಔಷಧಿ ಅದಕ್ಕೆ ಬೇಗ ತಾಗುತ್ತದೆ. ತಾಮ್ರ ಇರುವ ಔಷಧಿಯನ್ನಂತೂ ದೂರ ಇಡಿ. ಬಸವನಹುಳ, ಸಿಗಡಿ ಎಲ್ಲ ಅದರಿಂದ ಸಾಯುತ್ತವೆ. ಆ ಸೊರಗಿದ ಮೀನು ಮೆಲ್ಲಗೆ ಮೈ ತುಂಬಿಕೊಂಡಿತು. ಈಗ ಅದೇ ತೊಟ್ಟಿಯ ಅತಿ ದೊಡ್ಡ ಹೆಣ್ಣು.

ಊಟ ಹೇಗೆ ಮಾಡುತ್ತದೆ ಅಂತ ಒಮ್ಮೆ ಹತ್ತಿರದಿಂದ ನೋಡಬೇಕು. ಬಟಾಣಿಗಿಂತ ಚಿಕ್ಕ ರ‍್ಯಾಮ್ಸ್‌ಹಾರ್ನ್ ಒಂದನ್ನು ಬಿಟ್ಟರೆ ಅದು ಗಾಜಿಗೆ ತಾಗಿ ಜಾರಿ ತಳಕ್ಕೆ ಇಳಿಯುತ್ತದೆ. ಚಿಪ್ಪಿನೊಳಗೆ ಮುದುಡಿಕೊಂಡು ಸುಮ್ಮನಿರುತ್ತದೆ. ಪಫರ್ ಒಂದು ಅಂಗುಲ ದೂರದಲ್ಲಿ ನಿಲ್ಲುತ್ತದೆ. ಬಾಲವನ್ನು ಒಂದು ಬದಿಗೆ ಮಡಚಿಕೊಳ್ಳುತ್ತದೆ. ಬೆನ್ನಿನ ಪುಟ್ಟ ರೆಕ್ಕೆ ಮಾತ್ರ ಬಡಿಯುತ್ತಿರುತ್ತದೆ. ತಲೆ ಕೆಳಗೆ ಮಾಡಿ, ಎರಡೂ ಕಣ್ಣನ್ನು ಮುಂದಕ್ಕೆ ತಂದು ಚಿಪ್ಪಿನ ಬಾಯಿಯ ಮೇಲೆ ನೆಡುತ್ತದೆ. ಕಾಯುತ್ತದೆ. ಹುಳ ಮೀಸೆ ಹೊರಗೆ ಚಾಚಿ, ಆಮೇಲೆ ಮೆಲ್ಲಗೆ ಕಾಲು ಚಾಚುತ್ತದೆ. ಪಫರ್ ಒಮ್ಮೆಗೇ ಹಾರಿ ಕಚ್ಚಿ ಎಳೆಯುತ್ತದೆ. ಚಿಪ್ಪು ತೆಳುವಾಗಿದ್ದರೆ ಅಂಚನ್ನೂ ಕಡಿದು ಉಗುಳುತ್ತದೆ. ಖಾಲಿ ಚಿಪ್ಪು ಮರಳಿನ ಮೇಲೆ ಉರುಳುತ್ತದೆ. ವಾರಕ್ಕೊಮ್ಮೆ ಆ ಚಿಪ್ಪುಗಳನ್ನು ಆರಿಸಿ ತೆಗೆಯುತ್ತೇನೆ. ಈ ಬೇಟೆ ಪಫರ್‌ಗೆ ಹೊಟ್ಟೆಗಷ್ಟೇ ಬೇಕಾದದ್ದಲ್ಲ. ಬೇಟೆ ಇಲ್ಲದ ತೊಟ್ಟಿಯಲ್ಲಿ ಅದು ಗಾಜಿನ ಉದ್ದಕ್ಕೆ ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ. ಹುಡುಕಲು ಏನಾದರೂ ಇದ್ದ ದಿನ ಹಾಗೆ ಮಾಡುವುದಿಲ್ಲ.

ಬಸವನಹುಳ ಒಂದೇ ಸಾಲದು. ವಾರದಲ್ಲಿ ಕೆಲವು ದಿನ ಮಂಜುಗಟ್ಟಿಸಿದ ಬ್ಲಡ್‌ವರ್ಮ್ ಅನ್ನುವ ಕೆಂಪು ಹುಳ ಕೊಡುತ್ತೇನೆ. ಒಂದು ಬಿಲ್ಲೆಯ ಚೂರನ್ನು ನೀರಲ್ಲಿ ಕರಗಿಸಿ, ತೊಳೆದು, ಚಿಮಟಿಗೆಯಲ್ಲಿ ಹಿಡಿದು ಅಲ್ಲಾಡಿಸಬೇಕು. ಅಲ್ಲಾಡಿದರೆ ಮಾತ್ರ ಅದು ಊಟ ಅಂತ ಇವುಗಳಿಗೆ ಗೊತ್ತಾಗುತ್ತದೆ. ಬರಬರುತ್ತಾ ಚಿಮಟಿಗೆ ಕಂಡರೇ ಓಡಿ ಬರುತ್ತವೆ. ಜೊತೆಗೆ ಮೊಯಿನಾ ಅನ್ನುವ ನೀರಿನ ಚಿಗಟವನ್ನು ಬಕೆಟ್ಟಿನಲ್ಲಿ ಬೆಳೆಸುತ್ತೇನೆ. ಡ್ಯಾಫ್ನಿಯಾ ಅನ್ನುವ ಇನ್ನೊಂದು ನೀರಿನ ಚಿಗಟಕ್ಕೆ ಮುಂಬಯಿ ಸೆಕೆ ತಡೆಯುವುದಿಲ್ಲ. ಮೊಯಿನಾ ತಡೆದುಕೊಳ್ಳುತ್ತದೆ. ಚಿಟಿಕೆ ಯೀಸ್ಟ್ ನೀರಲ್ಲಿ ಕದಡಿ ಹಾಕಿದರೆ ಸಾಕು. ಜಾಸ್ತಿ ಹಾಕಿದರೆ ನೀರು ನಾರುತ್ತದೆ. ಸಂತೆಯ ಟ್ಯೂಬಿಫೆಕ್ಸ್ ಮಾತ್ರ ನಾನು ತರುವುದಿಲ್ಲ. ಅದು ಕೊಳಕು ನೀರಿನ ಹುಳ, ರೋಗ ತರುವ ಸಾಧ್ಯತೆ ಜಾಸ್ತಿ.

ಸೊಳ್ಳೆಮರಿ ವಿಷಯ ಹೇಳಲೇಬೇಕು. ಪಫರ್‌ಗೆ ಅದಕ್ಕಿಂತ ಇಷ್ಟದ ಊಟ ಇಲ್ಲ. ಬಾಲ್ಕನಿಯಲ್ಲಿ ಬಕೆಟ್ ಇಟ್ಟರೆ ಪುಕ್ಕಟೆ ಸಿಗುತ್ತದೆ ಅಂತ ಹಲವರು ಹೇಳುತ್ತಾರೆ. ಮುಂಬಯಿಯಲ್ಲಿ ಇದನ್ನು ಮಾಡಲೇಬಾರದು. ಡೆಂಗಿ ಹರಡುವ ಸೊಳ್ಳೆ ಹುಟ್ಟುವುದೇ ಇಂಥ ಮನೆ ಪಕ್ಕದ ಚೊಕ್ಕ ನೀರಿನಲ್ಲಿ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಅದಕ್ಕೆ ವಾರ ಹತ್ತು ದಿನ ಸಾಕು. ಮಳೆಗಾಲದಲ್ಲಿ ಮಹಾನಗರ ಪಾಲಿಕೆಯವರು ಮನೆಮನೆಗೆ ಬಂದು ಡ್ರಮ್ಮು, ಹೂಕುಂಡದ ತಟ್ಟೆ ಎಲ್ಲ ನೋಡುತ್ತಾರೆ. ಮರಿ ಸಿಕ್ಕರೆ ನೋಟಿಸು, ದಂಡ. ಅದಕ್ಕಿಂತ ಮುಖ್ಯ, ನಮ್ಮ ಮೀನಿನ ಊಟಕ್ಕೆ ಪಕ್ಕದ ಮನೆಯ ಮಗು ಜ್ವರ ಬಂದು ಮಲಗಬಾರದು. ಹುಳದ ತೊಟ್ಟಿ, ಮೊಯಿನಾ ಬಕೆಟ್ ಎರಡಕ್ಕೂ ಸಣ್ಣ ಕಣ್ಣಿನ ಜಾಲರಿ ಬಿಗಿಯಾಗಿ ಕಟ್ಟಿದ್ದೇನೆ. ಪಾಲಿಕೆಯವರು ಬಂದಾಗ ತೆಗೆದು ತೋರಿಸಿದೆ. ನೋಡಿ ಹೋದರು.

ಏಪ್ರಿಲ್, ಮೇ ಬಂದರೆ ತೊಟ್ಟಿಯ ನೀರು 30 ಡಿಗ್ರಿ ದಾಟುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ 8 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚಿದ್ದರೆ, 32ರಲ್ಲಿ ಸುಮಾರು 7.3ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿಗೆ ಆಮ್ಲಜನಕ ಹೆಚ್ಚು ಬೇಕು. ಹಾಗಾಗಿ ಆ ತಿಂಗಳುಗಳಲ್ಲಿ ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಗಾಳಿಕಲ್ಲನ್ನೂ ಹಾಕುತ್ತೇನೆ. ಮುಚ್ಚಳದ ಬದಲು ಜಾಲರಿ ಹಾಕಿ, ನೀರಿನ ಮೇಲೆ ಗಾಳಿ ಬೀಸುವಂತೆ ಚಿಕ್ಕ ಫ್ಯಾನ್ ಇಡುತ್ತೇನೆ. ನೀರು ಆವಿಯಾಗುತ್ತಾ ತಣ್ಣಗಾಗುತ್ತದೆ. ಪುಣೆಯ ಒಣ ಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮುಂಬಯಿಯ ತೇವ ಗಾಳಿಯಲ್ಲಿ ಅಷ್ಟು ಇಳಿಯುವುದಿಲ್ಲ, ಆದರೂ ಒಂದೆರಡು ಡಿಗ್ರಿ ಇಳಿದರೆ ಅದೇ ದೊಡ್ಡದು. ಐಸ್ ತುಂಡು ಹಾಕಬೇಡಿ. ಒಮ್ಮೆಗೇ ಇಳಿದು ಮತ್ತೆ ಏರುವ ಬಿಸಿಗಿಂತ ಒಂದೇ ಸಮನಾಗಿರುವ ಬಿಸಿ ವಾಸಿ.

ಮಳೆಗಾಲದ ತೊಂದರೆ ಬೇರೆ. ಕೆರೆಗಳಿಗೆ ಹೊಸ ನೀರು ಬಂದು ಕೆಂಪಾದಾಗ ನಲ್ಲಿಯಲ್ಲಿ ಕ್ಲೋರಿನ್ ವಾಸನೆ ಜೋರಾಗುತ್ತದೆ. ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತದೆ, ಸ್ಪಂಜಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ನಾನು ಡ್ರಮ್ಮಿನಲ್ಲಿ ನೀರು ಹಿಡಿದು, ಗಾಳಿಕಲ್ಲು ಬಿಟ್ಟು ಒಂದು ದಿನ ಇಟ್ಟು, ಆಮೇಲೆ ಆಂಟಿಕ್ಲೋರಿನ್ ಹನಿ ಹಾಕಿಯೇ ಬಳಸುತ್ತೇನೆ. ವಾರಕ್ಕೆ ಐದರಲ್ಲಿ ಒಂದು ಪಾಲು ನೀರು ಬದಲು. ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯುವುದಿಲ್ಲ, ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲೇ ಹಿಂಡುತ್ತೇನೆ. ಜೂನಿನಲ್ಲಿ ನೀರು ಕಡಿತ ಮಾಡಿದಾಗಲೂ ಆ ಡ್ರಮ್ಮು ಕೈ ಹಿಡಿಯುತ್ತದೆ. ಮೀನಿನ ತೊಟ್ಟಿಯಿಂದ ತೆಗೆದ ನೀರನ್ನು ಅಮ್ಮ ತುಳಸಿಗೆ, ಬಸಳೆ ಬಳ್ಳಿಗೆ ಹಾಕುತ್ತಾರೆ. ಬಸಳೆ ಎಲೆ ಅಂಗೈಯಗಲ ಬರುತ್ತಿದೆ.

ಚೌತಿಗೆ ಊರಿಗೆ ಹೋಗುವಾಗ ಮೀನು ಏನು ಮಾಡುವುದು ಅಂತ ಕೇಳುವವರಿದ್ದಾರೆ. ಹೊರಡುವ ಹಿಂದಿನ ದಿನ ನೀರು ಬದಲಿಸಿ, ಬೇರೆ ಬೇರೆ ಗಾತ್ರದ ಬಸವನಹುಳಗಳನ್ನು ಕೈತುಂಬ ಬಿಟ್ಟು ಹೋಗುತ್ತೇನೆ. ಜೀವಂತ ಊಟ ಕೊಳೆಯುವುದಿಲ್ಲ, ಬೇಕಾದಾಗ ತಿನ್ನುತ್ತವೆ. ಬೀಗದ ಕೈ ಕಾಕಾ ಹತ್ತಿರ ಇರುತ್ತದೆ. ಪಂಪು ಓಡುತ್ತಿದೆಯೇ ನೋಡಿ, ಆವಿಯಾದಷ್ಟು ನೀರು ತುಂಬುವುದಷ್ಟೇ ಅವರ ಕೆಲಸ.

ಮೊಟ್ಟೆಯ ಸುಳಿವು ಮೊದಲು ಸಿಕ್ಕಿದ್ದು ಮಗಳಿಗೆ. ಗಂಡು ಒಂದು ಹೆಣ್ಣಿನ ಹಿಂದೆ ಜಾವಾ ಮಾಸ್‌ನೊಳಗೆ ಮತ್ತೆ ಮತ್ತೆ ನುಗ್ಗುತ್ತಿತ್ತು. ಆಮೇಲೆ ಟಾರ್ಚ್ ಹಿಡಿದು ನೋಡಿದಾಗ ಮಾಸ್‌ನ ಎಳೆಗಳ ನಡುವೆ ಗಾಜಿನ ಮಣಿಯಂಥ ಮೊಟ್ಟೆಗಳು, ಒಂದೊಂದೂ ಒಂದು ಮಿಲಿಮೀಟರ್ ಇರಬಹುದು. ಅಲ್ಲೇ ಬಿಟ್ಟರೆ ಬೇರೆ ಪಫರ್‌ಗಳು ತಿನ್ನುತ್ತವೆ. ಮಾಸ್‌ನ ಆ ಗುಚ್ಛವನ್ನೇ ಕತ್ತರಿಸಿ, ಅದೇ ತೊಟ್ಟಿಯ ನೀರು ತುಂಬಿದ ಡಬ್ಬಕ್ಕೆ ಹಾಕಿದೆವು. ಐದು ದಿನದ ಸುಮಾರಿಗೆ ಮರಿ ಬಂದವು. ಮೊದಲು ಹೊಟ್ಟೆಯಡಿಯ ಹಳದಿಯೇ ಅವುಗಳಿಗೆ ಆಹಾರ. ಆಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಬೇಕು. ಹಳೆ ಮಾಸ್‌ನಲ್ಲಿ, ಕೊಳೆತ ಬಾದಾಮಿ ಎಲೆಯ ನೀರಿನಲ್ಲಿ ಅವು ಇರುತ್ತವೆ. ಸ್ವಲ್ಪ ಬೆಳೆದ ಮೇಲೆ ಆಗ ತಾನೇ ಮೊಟ್ಟೆ ಒಡೆದ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಸಿಗಡಿಯಂಥ ಪುಟ್ಟ ಜೀವಿ. ಪ್ಲಾಸ್ಟಿಕ್ ಬಾಟಲಿಯಲ್ಲಿ ಲೀಟರ್ ನೀರಿಗೆ 25ರಿಂದ 30 ಗ್ರಾಂ ಅಯೋಡಿನ್ ಇಲ್ಲದ ಉಪ್ಪು ಹಾಕಿ, ಗಾಳಿ ಬಿಟ್ಟು, ಮೊಟ್ಟೆಪುಡಿ ಉದುರಿಸಿದರೆ ಮುಂಬಯಿ ಬಿಸಿಗೆ ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಚುಕ್ಕಿಗಳು ಓಡಾಡುತ್ತವೆ. ಒಂದು ಬದಿಗೆ ಬೆಳಕು ಹಿಡಿದರೆ ಎಲ್ಲ ಅಲ್ಲಿಗೇ ಸೇರುತ್ತವೆ. ಸಿಹಿನೀರಿನಲ್ಲಿ ತೊಳೆದು ಮರಿಗಳಿಗೆ ಹಾಕುವುದು. ಮರಿಗಳನ್ನು ಗಾತ್ರ ನೋಡಿ ಬೇರೆ ಮಾಡುತ್ತಲೇ ಇರಬೇಕು. ದೊಡ್ಡದು ಚಿಕ್ಕದನ್ನು ಕಚ್ಚುತ್ತದೆ.

ಎಲ್ಲ ಮರಿ ಉಳಿಯಲಿಲ್ಲ. ಉಳಿದವು ಗಟ್ಟಿಯಾಗಿ ಬೆಳೆದವು. ನದಿಯಿಂದ ಹಿಡಿದವಲ್ಲ, ಹಾಗಾಗಿ ಕರುಳಿನ ಹುಳ ಇಲ್ಲ. ಚಿಮಟಿಗೆಯಿಂದ ತಿನ್ನಲು ಚಿಕ್ಕಂದಿನಿಂದಲೇ ಕಲಿತಿವೆ. ಈ ಜಾತಿಯನ್ನು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅಪಾಯಕ್ಕೆ ಸಿಲುಕುವ ಜೀವಿಗಳ ಕೆಂಪು ಪಟ್ಟಿಯಲ್ಲಿ ಸೇರಿಸಿದೆ. ನದಿ ಹಾಳಾಗುತ್ತಿರುವುದು ಒಂದು ಕಾರಣ, ನಮ್ಮಂಥವರ ತೊಟ್ಟಿಗಳಿಗೆ ಹಿಡಿಯುವುದು ಇನ್ನೊಂದು. ಮನೆಯಲ್ಲಿ ಹುಟ್ಟಿದ ಒಂದೊಂದು ಮರಿ ಇನ್ನೊಂದು ಮನೆಗೆ ಹೋದರೆ ಅಷ್ಟು ಮೀನು ಘಟ್ಟದ ಹೊಳೆಯಲ್ಲೇ ಉಳಿಯುತ್ತವೆ. ಅದಕ್ಕೇ ನಾನು ಮರಿಗಳನ್ನು ಮಾರುವುದಿಲ್ಲ, ಕೇಳಿದವರಿಗೆ ಕೊಡುತ್ತೇನೆ. ಡೊಂಬಿವಲಿಯಿಂದ, ಠಾಣೆಯಿಂದ ನಮ್ಮ ಕಡೆಯವರು ಕೆಲವರು ಕೇಳಿ ಬಂದರು. ಅವರ ಕೈಗೆ ಮೊದಲು ಕೊಟ್ಟದ್ದು ಒಂದು ಡಬ್ಬ ರ‍್ಯಾಮ್ಸ್‌ಹಾರ್ನ್, ಒಂದು ತುಂಡು ಬೊಂಡಾಸ್ ಎಲುಬು. ಹುಳ ಮೊಟ್ಟೆ ಇಟ್ಟು, ಮರಿ ತೊಟ್ಟಿ ತುಂಬಿದ ಫೋಟೋ ಕಳಿಸಿದವರಿಗೆ ಮಾತ್ರ ಪಫರ್ ಕೊಟ್ಟಿದ್ದೇನೆ. ಠಾಣೆಯ ಒಬ್ಬರ ಹುಳ ಈಗ ಮೊಟ್ಟೆ ಇಟ್ಟಿವೆಯಂತೆ. ಮುಂದಿನ ತಿಂಗಳು ಅವರಿಗೆ ನಾಲ್ಕು ಮರಿ ಎತ್ತಿಟ್ಟಿದ್ದೇನೆ.